ಓಡಿಹೋದ ಜಲಪಾತದ ಬೆನ್ನು ಹತ್ತಿ: ಮಿನಿಯಾಪೊಲಿಸ್–ಸೇಂಟ್ ಪಾಲ್‌ನಲ್ಲಿ ಹಿಮಯುಗ ನೋಡುವುದು ಹೇಗೆ

ಅಮೆರಿಕದ ಮಿನ್ನೆಸೋಟಾ ರಾಜ್ಯದ ಈ ಜೋಡಿ ಊರಿಗೆ ಕೆಲಸಕ್ಕೆ, ಓದಿಗೆ, ಮಗಳ ಬಾಣಂತನಕ್ಕೆ ಅಂತ ಬರುವ ಕನ್ನಡದವರಿಗೇನೂ ಕೊರತೆಯಿಲ್ಲ. ಬಂದವರನ್ನು ಮೊದಲ ವಾರ ಮಾಲ್ ಆಫ್ ಅಮೆರಿಕಾಗೆ, ಮುಂದಿನ ವಾರ ಮಿನ್ನೆಹಾಹಾ ಜಲಪಾತಕ್ಕೆ ಕರೆದುಕೊಂಡು ಹೋಗುವುದು ವಾಡಿಕೆ. ಫೋಟೊ ತೆಗೆದು, ಐಸ್‌ಕ್ರೀಮ್ ತಿಂದು ಮನೆಗೆ ವಾಪಸ್. ಜೋಗ ನೋಡಿದ ಕಣ್ಣಿಗೆ 53 ಅಡಿಯ ನೀರು ಏನು ಮಹಾ ಅನಿಸಿದರೆ ತಪ್ಪಿಲ್ಲ. ಆದರೆ ಈ ಪುಟ್ಟ ಜಲಪಾತ ಒಂದು ದೊಡ್ಡ ಜಲಪಾತದ ಮರಿ. ತಾಯಿ ಜಲಪಾತ ಸೇಂಟ್ ಪಾಲ್‌ನಲ್ಲಿ ಹುಟ್ಟಿ, ಹಿಂದೆ ಹಿಂದೆ ಸರಿಯುತ್ತಾ ಮಿನಿಯಾಪೊಲಿಸ್‌ವರೆಗೆ ಬಂದು, ಅಲ್ಲಿ ಕಾಂಕ್ರೀಟಿನ ಕೆಳಗೆ ಸಿಕ್ಕಿಕೊಂಡು ನಿಂತಿದೆ. ದಾರಿಯುದ್ದಕ್ಕೂ ಅದರ ಗುರುತುಗಳಿವೆ. ಅವನ್ನು ಒಂದು ದಿನದಲ್ಲಿ, ಹೆಚ್ಚುಕಡಿಮೆ ರೈಲು ಬಸ್ಸಿನಲ್ಲೇ, ನೋಡಿ ಮುಗಿಸುವ ದಾರಿ ಇಲ್ಲಿದೆ.

ಒಂದೇ ಒಂದು ಶರತ್ತು. ಮಿನಿಯಾಪೊಲಿಸ್‌ನಿಂದ ಶುರು ಮಾಡಬೇಡಿ. ಎಲ್ಲರೂ ಹಾಗೇ ಮಾಡುತ್ತಾರೆ, ಆಗ ಕಥೆ ತಲೆಕೆಳಗಾಗಿ ಏನೂ ಅರ್ಥವಾಗುವುದಿಲ್ಲ. ಜಲಪಾತ ಹುಟ್ಟಿದ್ದು ಸೇಂಟ್ ಪಾಲ್‌ನಲ್ಲಿ, ನೀವೂ ಅಲ್ಲಿಂದಲೇ ಹೊರಡಿ.

ಹೊರಡುವ ಮುಂಚೆ: ಮೂರು ಪದರ ನೆನಪಿಡಿ

ಈ ಊರಿನ ಕೆಳಗಿರುವ ಕಲ್ಲಿನ ಲೆಕ್ಕ ತುಂಬಾ ಸುಲಭ. ಮೇಲೆ ಪ್ಲ್ಯಾಟ್‌ವಿಲ್ ಅನ್ನುವ ಸುಣ್ಣದ ಕಲ್ಲು, ಸುಮಾರು 30 ಅಡಿ ದಪ್ಪದ ಗಟ್ಟಿ ಚಪ್ಪಡಿ. ಅದರ ಕೆಳಗೆ ಗ್ಲೆನ್‌ವುಡ್ ಅನ್ನುವ ಜೇಡಿಗಲ್ಲು, ಬರೀ ಕೆಲವೇ ಅಡಿ. ಅದಕ್ಕೂ ಕೆಳಗೆ ಸೇಂಟ್ ಪೀಟರ್ ಮರಳುಗಲ್ಲು, ಸುಮಾರು 150 ಅಡಿ. ಮೂರೂ ಸುಮಾರು 45 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರವಿದ್ದಾಗ ಕೂತ ಪದರಗಳು. ಮೇಲಿನದು ಗಟ್ಟಿ, ಕೆಳಗಿನದು ಪುಡಿಪುಡಿ. ಈ ಒಂದು ಮಾತು ನೆನಪಿದ್ದರೆ ದಿನದ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಇನ್ನು ಹಿಮದ ಪಾಲು. ಕೊನೆಯ ಹಿಮಯುಗದಲ್ಲಿ ಈ ಜಾಗದ ಮೇಲೆ ಎರಡು ದಿಕ್ಕಿನಿಂದ ಹಿಮನದಿ ಬಂತು. ಮೊದಲು ಈಶಾನ್ಯದಿಂದ, ಅಂದರೆ ಈಗಿನ ಲೇಕ್ ಸುಪೀರಿಯರ್ ಕಡೆಯಿಂದ. ಅದು ಬರುವಾಗ ಅಲ್ಲಿನ ಕೆಂಪು ಮಣ್ಣು, ಕಪ್ಪು ಬಸಾಲ್ಟ್ ಕಲ್ಲು, ಕೆಂಪು ಪಟ್ಟೆಯ ಅಗೇಟ್ ಎಲ್ಲವನ್ನೂ ಹೊತ್ತು ತಂದು ಇಲ್ಲಿ ಸುರಿಯಿತು. ಅದು ಹಿಂದೆ ಸರಿದ ಮೇಲೆ ವಾಯವ್ಯದಿಂದ ಇನ್ನೊಂದು ಬಂತು. ಅದು ತಂದದ್ದು ಬೂದು ಮಣ್ಣು, ಸುಣ್ಣದ ಕಲ್ಲಿನ ಚೂರು, ಜೇಡಿಗಲ್ಲು. ಹಾಗಾಗಿ ಇವತ್ತಿಗೂ ಇಲ್ಲಿ ಮನೆ ಕಟ್ಟಲು ಪಾಯ ತೋಡಿದರೆ ಎಷ್ಟೋ ಕಡೆ ಕೆಂಪು ಮಣ್ಣಿನ ಮೇಲೆ ಬೂದು ಮಣ್ಣು ಕೂತಿರುವುದು ಕಾಣುತ್ತದೆ. ಕರ್ನಾಟಕಕ್ಕೆ ಆ ಕಾಲದಲ್ಲಿ ಹಿಮನದಿ ಬರಲೇ ಇಲ್ಲ. ಅದಕ್ಕೇ ನಮ್ಮೂರ ಹೊಲದ ಮಣ್ಣು ಬಹುಪಾಲು ಅಲ್ಲೇ ಕೆಳಗಿರುವ ಬಂಡೆಯೇ ಸವೆದು ಆದದ್ದು. ಇಲ್ಲಿನ ಮಣ್ಣು ಹಾಗಲ್ಲ, ಎಲ್ಲಿಂದಲೋ ಬಂದ ವಲಸೆಗಾರ. ನಮ್ಮ ಹಾಗೇ ಅನ್ನಿ.

ಮುಖ್ಯವಾದದ್ದು ಇನ್ನೊಂದಿದೆ. ಹಿಮ ಬರುವ ಮುಂಚೆಯೂ ಇಲ್ಲಿ ನದಿಗಳಿದ್ದವು. ಅವು ಗಟ್ಟಿ ಚಪ್ಪಡಿಯನ್ನು ಕತ್ತರಿಸಿ ಆಳವಾದ ಕಣಿವೆಗಳನ್ನು ಮಾಡಿದ್ದವು. ಹಿಮನದಿ ಆ ಕಣಿವೆಗಳಿಗೆ ಮಣ್ಣು ಜಲ್ಲಿ ತುಂಬಿ ನೆಲಸಮ ಮಾಡಿತು. ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಆದರೆ ಒಂದು ಕಡೆ ಕೆಳಗೆ ಗಟ್ಟಿ ಚಪ್ಪಡಿ, ಪಕ್ಕದಲ್ಲೇ ಬರೀ ತುಂಬಿದ ಮಣ್ಣು. ಈ ಹೂತುಹೋದ ಕಣಿವೆಗಳೇ ಜಲಪಾತದ ಹುಟ್ಟಿಗೂ ಕಾರಣ, ಸಾವಿಗೂ ಕಾರಣ.

ಯಾವಾಗ ಹೋಗಬೇಕು, ಏನು ತೆಗೆದುಕೊಂಡು ಹೋಗಬೇಕು

ಏಪ್ರಿಲ್ ಕೊನೆ ಅಥವಾ ಅಕ್ಟೋಬರ್ ಕೊನೆ. ಮರಗಳಲ್ಲಿ ಎಲೆ ಇರಬಾರದು. ಜುಲೈನಲ್ಲಿ ಬಂದರೆ ಹಸಿರು ಚೆನ್ನಾಗಿರುತ್ತದೆ, ಆದರೆ ಕಣಿವೆಯ ಆಕಾರ ಒಂದಿಷ್ಟೂ ಕಾಣುವುದಿಲ್ಲ, ಜೊತೆಗೆ ನದಿಯ ಪಕ್ಕ ಸೊಳ್ಳೆ ಜಾಸ್ತಿ. ಏಪ್ರಿಲ್‌ನಲ್ಲಿ ಹಿಮ ಕರಗಿ ನದಿ ಉಕ್ಕಿ ತಗ್ಗಿನ ಪಾರ್ಕುಗಳನ್ನು ಮುಚ್ಚಿರುವುದುಂಟು, ಹೊರಡುವ ಮುಂಚೆ ಒಮ್ಮೆ ವಿಚಾರಿಸಿ. ನನ್ನನ್ನು ಕೇಳಿದರೆ ಅಕ್ಟೋಬರ್.

ಒಳ್ಳೆ ಶೂ, ನೀರು, ಪುಳಿಯೋಗರೆ ಡಬ್ಬಿ, ದಿನದ ಪಾಸ್. ಸಾಧ್ಯವಿದ್ದರೆ ಫೋನಿನಲ್ಲಿ ನೆಲದ ಏರುತಗ್ಗು ತೋರಿಸುವ ಮ್ಯಾಪ್ ತೆರೆದಿಟ್ಟುಕೊಳ್ಳಿ. ಅಷ್ಟು ಸಾಕು.

ಹೆಜ್ಜೆ 1: ಸೇಂಟ್ ಪಾಲ್, ಜಲಪಾತ ಹುಟ್ಟಿದ ಜಾಗ

ಮಿನಿಯಾಪೊಲಿಸ್‌ನಿಂದ ಗ್ರೀನ್ ಲೈನ್ ರೈಲು ಹತ್ತಿ ಸೇಂಟ್ ಪಾಲ್ ಡೌನ್‌ಟೌನಿನಲ್ಲಿ ಇಳಿಯಿರಿ. ಅಲ್ಲಿಂದ ಕೆಲಾಗ್ ಬೊಲೆವಾರ್ಡ್‌ಗೆ ನಡೆದು ನದಿಯ ಕಡೆ ಮುಖ ಮಾಡಿ ನಿಲ್ಲಿ. ನೀವು ನಿಂತಿರುವುದು ಒಂದು ಕಡಿದಾದ ದಿಣ್ಣೆಯ ಅಂಚಿನಲ್ಲಿ. ನಿಮ್ಮ ಕಾಲ ಕೆಳಗೆ ಸುಣ್ಣದ ಕಲ್ಲು, ಅದರ ಕೆಳಗೆ ಬೆಳ್ಳಗಿನ ಮರಳುಗಲ್ಲು. ವಬಾಶಾ ಸೇತುವೆ ದಾಟಿ ಆಚೆ ದಡಕ್ಕೆ ಹೋದರೆ ಅದೇ ಬಿಳಿ ಕಲ್ಲು ಕೈಗೆ ಸಿಗುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಕೆಳಗೆ ಉದುರಿ ಬಿದ್ದಿರುವ ಒಂದು ಚೂರು ಎತ್ತಿಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಕಲ್ಲು ಅನ್ನುವುದೇ ಕಷ್ಟ. ಸುಮ್ನೆ ಉಜ್ಜಿದರೆ ಸಾಕು, ಅಂಗೈಯಲ್ಲಿ ಮರಳು. ಬಿಸಿಲಿಗೆ ಹಿಡಿದರೆ ಒಂದೊಂದು ಕಣವೂ ದುಂಡಗೆ, ಹೆಚ್ಚುಕಡಿಮೆ ಒಂದೇ ಗಾತ್ರ. ಅಂಟುವ ಮಣ್ಣು ಇಲ್ಲವೇ ಇಲ್ಲ, ಕೈ ಕೊಡವಿದರೆ ಎಲ್ಲಾ ಹೋಗುತ್ತದೆ. ಶುದ್ಧ ಸ್ಫಟಿಕದ ಮರಳು ಇದು. 1925ರಲ್ಲಿ ಸೇಂಟ್ ಪಾಲ್‌ನಲ್ಲಿ ಶುರುವಾದ ಫೋರ್ಡ್ ಕಾರ್ಖಾನೆಯವರು ತಮ್ಮ ಕಾರ್ಖಾನೆಯ ಕೆಳಗೇ ಸುರಂಗ ತೋಡಿ, ಈ ಮರಳು ತೆಗೆದು ಕಾರಿನ ಗಾಜು ಮಾಡುತ್ತಿದ್ದರು. ಇದೇ ಕಲ್ಲನ್ನು ಕೊರೆದು ಮಾಡಿದ ಗುಹೆಗಳಲ್ಲಿ ಹಿಂದೆ ಅಣಬೆ ಬೆಳೆಯುತ್ತಿದ್ದರು.

ಗುಹೆ ಅಂದೆ, ಹಾಗಂತ ಕಂಡ ಗುಹೆಗೆಲ್ಲ ನುಗ್ಗಬೇಡಿ. 2004ರಲ್ಲಿ ಇಲ್ಲಿನ ಗುಹೆಯೊಂದರಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ ಮೂವರು ಹದಿಹರೆಯದ ಹುಡುಗರು ಸತ್ತರು. ಟಿಕೆಟ್ ಕೊಟ್ಟು, ಗೈಡ್ ಜೊತೆ ಹೋಗುವ ಗುಹೆ ಇದ್ದರೆ ಹೋಗಿ, ಉಳಿದವು ಬೇಡ. ಹಾಗೇ ಲಿಲಿಡೇಲ್ ಕಡೆ ಪಳೆಯುಳಿಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ, ಜೇಡಿಗಲ್ಲಿನ ಇಳಿಜಾರು ಹತ್ತಲು ಹೋಗಬೇಡಿ. 2013ರ ಮೇನಲ್ಲಿ ಅಲ್ಲಿ ಶಾಲಾ ಪ್ರವಾಸದ ದಿನ ಮಳೆಗೆ ನೆನೆದ ಗುಡ್ಡ ಕುಸಿದು ಇಬ್ಬರು ಮಕ್ಕಳು ತೀರಿಕೊಂಡರು.

ಈಗ ಕಥೆಗೆ ಬರೋಣ. ಹಿಮನದಿ ಉತ್ತರಕ್ಕೆ ಸರಿಯುತ್ತಾ ಹೋದ ಹಾಗೆ ಕರಗಿದ ನೀರು ಅದರ ಮುಂದೆ ನಿಂತಿತು. ಉತ್ತರಕ್ಕೆ ಹರಿಯೋಣ ಅಂದರೆ ಮಂಜುಗಡ್ಡೆಯ ಗೋಡೆ. ಹಾಗೆ ನಿಂತ ನೀರೇ ಅಗಾಸಿ ಸರೋವರ. ಅದು ಕಾಲಕಾಲಕ್ಕೆ ಮುಳುಗಿಸಿದ ಜಾಗವನ್ನೆಲ್ಲ ಸೇರಿಸಿದರೆ ಈಗಿನ ಐದೂ ಗ್ರೇಟ್ ಲೇಕ್ಸ್ ಒಟ್ಟಿಗಿಟ್ಟರೂ ಸಾಲದು. ಈಗ ಅದರ ತಳದಲ್ಲಿ ಫಾರ್ಗೊ, ವಿನಿಪೆಗ್‌ನಂಥ ಊರುಗಳು ಕೂತಿವೆ. 1879ರಲ್ಲಿ ವಾರನ್ ಅಪ್‌ಹ್ಯಾಮ್ ಅದಕ್ಕೆ ಹಿಮಯುಗದ ವಿಚಾರ ಸಾರಿದ ಲೂಯಿ ಅಗಾಸಿಯ ಹೆಸರಿಟ್ಟರು.

ಸುಮಾರು 13,000 ವರ್ಷಗಳ ಹಿಂದೆ ಈ ಸರೋವರ ದಕ್ಷಿಣದ ಅಂಚಿನಲ್ಲಿ ಉಕ್ಕಿ ಹೊರಬಿತ್ತು. ಹಾಗೆ ಹರಿದ ಮಹಾನದಿಗೆ ವಾರನ್ ನದಿ ಅನ್ನುತ್ತಾರೆ. ಈ ವಾರನ್ ಬೇರೆ, ಅಪ್‌ಹ್ಯಾಮ್ ಅಲ್ಲ. ಸೈನ್ಯದ ಇಂಜಿನಿಯರ್ ಗೂವರ್ನೂರ್ ಕೆಂಬಲ್ ವಾರನ್, ಇಷ್ಟು ದೊಡ್ಡ ಕಣಿವೆಯನ್ನು ಈಗಿನ ಸಣ್ಣ ಮಿನ್ನೆಸೋಟಾ ನದಿ ಕೊರೆದಿರಲು ಸಾಧ್ಯವಿಲ್ಲ ಅಂತ 1868ರಲ್ಲೇ ಹೇಳಿದ ಮನುಷ್ಯ. ಸರೋವರದಲ್ಲಿ ಹೂಳೆಲ್ಲ ಕೆಳಗೆ ಕೂತು ಬರುತ್ತಿದ್ದದ್ದು ತಿಳಿನೀರು. ತಿಳಿನೀರಿಗೆ ಹೊರಲು ಭಾರವಿಲ್ಲ. ಅದರ ಶಕ್ತಿಯೆಲ್ಲ ನೆಲ ಕೊರೆಯುವುದಕ್ಕೇ ಹೋಯಿತು.

ಆ ನದಿ ಗಟ್ಟಿ ಚಪ್ಪಡಿಯ ಮೇಲೆ ಹರಿಯುತ್ತಾ ಬಂದು, ನೀವು ನಿಂತಿರುವ ಜಾಗದ ಆಸುಪಾಸಿನಲ್ಲಿ, ಹೂತುಹೋದ ಹಳೆ ಕಣಿವೆಯೊಂದರ ಅಂಚಿಗೆ ತಲುಪಿತು. ಅಲ್ಲಿ ಚಪ್ಪಡಿ ಮುಗಿಯುತ್ತದೆ, ಬರೀ ಮೆತ್ತನೆ ಮಣ್ಣು. ನೀರು ಮಣ್ಣನ್ನು ತೊಳೆದು ಹಾಕಿತು, ಚಪ್ಪಡಿಯ ಅಂಚು ಹಾಗೇ ಉಳಿಯಿತು. ಅಲ್ಲಿಗೆ ಜಲಪಾತ ಸಿದ್ಧ. ಎತ್ತರ ಸುಮಾರು 175 ಅಡಿ, ಅಗಲ ಸುಮಾರು 2,700 ಅಡಿ. ನಮ್ಮ ಗೋಕಾಕ ಜಲಪಾತದ ಎತ್ತರವೂ ಹೆಚ್ಚುಕಡಿಮೆ ಇಷ್ಟೇ, 52 ಮೀಟರ್. ಅಗಲ ಮಾತ್ರ ಇದರದ್ದು ಗೋಕಾಕದ ನಾಲ್ಕು ಪಟ್ಟಿಗೂ ಮಿಕ್ಕಿ. ಈಗ ಆ ಜಾಗದಲ್ಲಿ ದೋಣಿ, ಗೂಡ್ಸ್ ರೈಲು, ಪಾರ್ಕಿಂಗ್.

ಸಮಯ ಇದ್ದರೆ ಡೌನ್‌ಟೌನಿನ ಪೂರ್ವಕ್ಕಿರುವ ಇಂಡಿಯನ್ ಮೌಂಡ್ಸ್ ಪಾರ್ಕಿಗೂ ಹೋಗಿ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಕಟ್ಟಡಗಳೆಲ್ಲ ದಿಣ್ಣೆಯ ಮೇಲೆ, ನಡುವೆ ರೈಲು ಹಳಿಗಳು ಓಡುವ ತಗ್ಗು. ಆ ತಗ್ಗಿನ ಕೆಳಗೇ ಹಳೆ ಕಣಿವೆ. ಅಲ್ಲಿರುವ ಮಣ್ಣಿನ ದಿಬ್ಬಗಳು ಇಲ್ಲಿನ ಮೂಲನಿವಾಸಿಗಳ ಸಮಾಧಿಗಳು. ಅವುಗಳ ಮೇಲೆ ಹತ್ತಬಾರದು, ಮಕ್ಕಳಿಗೂ ಮೊದಲೇ ಹೇಳಿಡಿ.

ಹೆಜ್ಜೆ 2: ಫೋರ್ಟ್ ಸ್ನೆಲ್ಲಿಂಗ್, ಜಲಪಾತ ಎರಡಾದ ಜಾಗ

ಸೇಂಟ್ ಪಾಲ್‌ನಿಂದ ವೆಸ್ಟ್ ಸೆವೆಂತ್ ಸ್ಟ್ರೀಟ್ ಮೇಲೆ ಏರ್‌ಪೋರ್ಟ್ ಕಡೆ ಹೋಗುವ ಬಸ್ ಹಿಡಿಯಿರಿ, ಏರ್‌ಪೋರ್ಟಿನಲ್ಲಿ ಬ್ಲೂ ಲೈನ್ ರೈಲಿಗೆ ಬದಲಾಯಿಸಿ ಫೋರ್ಟ್ ಸ್ನೆಲ್ಲಿಂಗ್ ಸ್ಟೇಷನ್‌ನಲ್ಲಿ ಇಳಿಯಿರಿ. ಕಾರಿದ್ದರೆ ಸುಲಭ, ಆದರೆ ಕೆಳಗಿನ ಸ್ಟೇಟ್ ಪಾರ್ಕಿಗೆ ಕಾರು ಒಯ್ಯಲು ಪರ್ಮಿಟ್ ಬೇಕು.

ಇಡೀ ದಿನದಲ್ಲಿ ಒಂದೇ ಜಾಗ ನೋಡಲು ಟೈಮಿದೆ ಅನ್ನುವವರು ಇಲ್ಲಿಗೇ ಬನ್ನಿ. ಕೋಟೆಯ ಹತ್ತಿರ ದಿಣ್ಣೆಯ ಮೇಲೆ ನಿಂತರೆ ಎರಡು ನದಿ ಸೇರುವುದು ಕಾಣುತ್ತದೆ. ಉತ್ತರದಿಂದ ಮಿಸಿಸಿಪ್ಪಿ, ನೈರುತ್ಯದಿಂದ ಮಿನ್ನೆಸೋಟಾ ನದಿ. ಈಗ ಕಣಿವೆಗಳನ್ನು ಹೋಲಿಸಿ. ಮಿಸಿಸಿಪ್ಪಿ ಬರುವುದು ಇಕ್ಕಟ್ಟಾದ, ಕಡಿದಾದ ಕಮರಿಯಿಂದ. ಮಿನ್ನೆಸೋಟಾ ನದಿ ಬರುವುದು ಆಚೆ ದಡ ದೂರದಲ್ಲಿ ಮಸುಕಾಗಿ ಕಾಣುವಷ್ಟು ಅಗಲದ ಕಣಿವೆಯಲ್ಲಿ. ಸಣ್ಣ ನದಿಗೆ ದೊಡ್ಡ ಕಣಿವೆ, ದೊಡ್ಡ ನದಿಗೆ ಸಣ್ಣ ಕಣಿವೆ! ಮಿನ್ನೆಸೋಟಾ ನದಿ ಅಲ್ಲಿ ಅಣ್ಣನ ಶರ್ಟು ಹಾಕಿಕೊಂಡ ತಮ್ಮನ ಹಾಗೆ ಕಾಣುತ್ತದೆ. ಅಣ್ಣ ಅಂದರೆ ವಾರನ್ ನದಿ. ಅಗಾಸಿ ಸರೋವರಕ್ಕೆ ಬೇರೆ ಕಡೆ ದಾರಿ ಸಿಕ್ಕಿ ಇತ್ತ ನೀರು ನಿಂತ ಮೇಲೆ ಉಳಿದದ್ದು ಈ ಕಣಿವೆ, ಅದರೊಳಗೆ ಅಂಕುಡೊಂಕಾಗಿ ಹರಿಯುವ ಈ ಪುಟ್ಟ ನದಿ. ಮೇಲ್ಗಡೆ ಕೆಲವು ಕಡೆ ಈ ಕಣಿವೆ ಐದು ಮೈಲಿ ಅಗಲ, 250 ಅಡಿ ಆಳ ಇದೆ. ಏರ್‌ಪೋರ್ಟಿಗೆ ವಿಮಾನ ಇಳಿಯುವಾಗ ಕಿಟಕಿ ಪಕ್ಕ ಕೂತವರು ಇದನ್ನು ನೋಡಿಯೇ ಇರುತ್ತೀರಿ, ಏನೆಂದು ಗೊತ್ತಾಗಿರುವುದಿಲ್ಲ ಅಷ್ಟೆ.

ಸೇಂಟ್ ಪಾಲ್‌ನ ಜಲಪಾತ ಹಿಂದೆ ಸರಿಯುತ್ತಾ ಇಲ್ಲಿಗೆ ಬಂದಾಗ ಎರಡಾಯಿತು. ಒಂದು ಮಿನ್ನೆಸೋಟಾ ಕಣಿವೆಯ ಕಡೆ ಹೋಯಿತು, ಇನ್ನೊಂದು ಮಿಸಿಸಿಪ್ಪಿಯ ಕಡೆ. ಮೊದಲನೆಯದು ಸುಮಾರು ಎರಡು ಮೈಲಿ ಹೋಗುವಷ್ಟರಲ್ಲಿ ಇನ್ನೊಂದು ಹೂತುಹೋದ ಕಣಿವೆ ಎದುರಾಯಿತು. ಚಪ್ಪಡಿ ಮುಗಿಯಿತು, ಜಲಪಾತವೂ ಮುಗಿಯಿತು. ಚಪ್ಪಡಿ ಇದ್ದರೆ ಜಲಪಾತ, ಇಲ್ಲದಿದ್ದರೆ ಇಲ್ಲ. ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಮಿನಿಯಾಪೊಲಿಸ್‌ನಲ್ಲಿ ಬೇಕಾಗುತ್ತದೆ. ಎರಡನೆಯದು ಮಿಸಿಸಿಪ್ಪಿಯ ಜೊತೆ ಉತ್ತರಕ್ಕೆ ಹೊರಟಿತು. ಇವತ್ತಿನ ಸೇಂಟ್ ಆಂಥನಿ ಜಲಪಾತ ಅದೇ.

ಕೋಟೆಯ ಗೋಡೆಯನ್ನೂ ಮುಟ್ಟಿ ನೋಡಿ. 1820ರ ದಶಕದಲ್ಲಿ ಕಟ್ಟಿದ್ದು, ಅದೇ ಪ್ಲ್ಯಾಟ್‌ವಿಲ್ ಸುಣ್ಣದ ಕಲ್ಲಿನಿಂದ. ಈ ಸಂಗಮ ಇಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರಿಗೆ ಪವಿತ್ರ ಜಾಗ, ಅವರು ಬ್ಡೋಟೆ ಅನ್ನುತ್ತಾರೆ. 1862ರಲ್ಲಿ ಅಮೆರಿಕ ಸರ್ಕಾರಕ್ಕೂ ಅವರಿಗೂ ನಡೆದ ಯುದ್ಧದ ನಂತರ ಆ ಚಳಿಗಾಲವಿಡೀ ಇದೇ ಕೋಟೆಯ ಕೆಳಗಿನ ಬಯಲಿನಲ್ಲಿ ಸುಮಾರು 1,600 ಡಕೋಟಾ ಜನರನ್ನು ಕೂಡಿ ಹಾಕಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಎಷ್ಟೋ ಜನ ಅಲ್ಲೇ ತೀರಿಹೋದರು. ಬರೀ ಕಲ್ಲು ಮಣ್ಣು ನೋಡಿ ಬರುವ ಜಾಗವಲ್ಲ ಇದು.

ಹೆಜ್ಜೆ 3: ಮಿನ್ನೆಹಾಹಾ, ಈ ಸಲ ಬೇರೆ ಕಣ್ಣಿನಿಂದ

ಮತ್ತೆ ಬ್ಲೂ ಲೈನ್, ಎರಡನೇ ಸ್ಟೇಷನ್‌ನಲ್ಲಿ ಇಳಿಯಿರಿ: ಫಿಫ್ಟಿಯತ್ ಸ್ಟ್ರೀಟ್–ಮಿನ್ನೆಹಾಹಾ ಪಾರ್ಕ್. ಜಲಪಾತದ ಎದುರು ನಿಂತು ನೀರನ್ನು ಬಿಟ್ಟು ಅದರ ಹಿಂದಿನ ಗೋಡೆ ನೋಡಿ. ಮೇಲೆ ಹಾಳೆ ಹಾಳೆಯಾಗಿ ಕೂತ ಸುಣ್ಣದ ಕಲ್ಲು ಮುಂದಕ್ಕೆ ಚಾಚಿದೆ. ಅದರ ಕೆಳಗೆ ಒಳಕ್ಕೆ ಸರಿದ ಟೊಳ್ಳು. ಹೊರಡುವ ಮುಂಚೆ ಹೇಳಿದ ಮೂರೂ ಪದರ ಇಲ್ಲಿ ಒಂದೇ ನೋಟಕ್ಕೆ ಸಿಗುತ್ತವೆ. ಜಲಪಾತ ಹಿಂದೆ ಸರಿಯುವುದು ಹೇಗೆ ಅಂತ ಕೇಳಿದರೆ, ಹೀಗೇ. ಬಿರುಕುಗಳಲ್ಲಿ ನೀರು ಇಳಿಯುತ್ತದೆ, ಚಳಿಗಾಲದಲ್ಲಿ ಅಲ್ಲೇ ಹೆಪ್ಪುಗಟ್ಟಿ ಕಲ್ಲನ್ನು ಸೀಳುತ್ತದೆ, ಕೆಳಗಿನ ಮರಳು ತೊಳೆದು ಹೋಗುತ್ತದೆ, ಆಸರೆ ತಪ್ಪಿದ ಚಪ್ಪಡಿ ಒಂದು ದಿನ ಮುರಿದು ಬೀಳುತ್ತದೆ. ಅಂಚು ಒಂದಿಷ್ಟು ಹಿಂದಕ್ಕೆ ಹೋಯಿತು. ಮತ್ತೆ ಶುರು.

ಇದು ಮರಿ ಜಲಪಾತ ಅಂದೆನಲ್ಲ, ಅದು ಹೀಗೆ. ಮಿನ್ನೆಹಾಹಾ ತೊರೆ ಹಿಂದೆ ಮಿಸಿಸಿಪ್ಪಿಗೆ ಸಮಮಟ್ಟದಲ್ಲೇ ಸೇರುತ್ತಿತ್ತು. ದೊಡ್ಡ ಜಲಪಾತ ಹಿಂದೆ ಸರಿಯುತ್ತಾ ತೊರೆಯ ಬಾಯಿಯನ್ನು ದಾಟಿತು. ಒಮ್ಮೆಲೇ ನದಿಯ ಮಟ್ಟ ಕೆಳಗೆ ಹೋಯಿತು, ತೊರೆ ಮೇಲೇ ಉಳಿಯಿತು. ಬೀಳದೆ ಬೇರೆ ದಾರಿ ಇರಲಿಲ್ಲ. ಆಮೇಲೆ ಅದೂ ತನ್ನ ಪಾಡಿಗೆ ಹಿಂದೆ ಸರಿಯುತ್ತಾ ಈಗಿನ ಜಾಗಕ್ಕೆ ಬಂತು.

ಜಲಪಾತದ ಕೆಳಗೆ ಇಳಿದು ತೊರೆಯ ಪಕ್ಕ ನದಿಯ ಕಡೆ ನಡೆಯಿರಿ. ಹೆಚ್ಚಿನವರು ಇಷ್ಟು ದೂರ ಬರುವುದೇ ಇಲ್ಲ, ನಷ್ಟ ಅವರದ್ದೇ. ದಾರಿಯಲ್ಲಿ ಎತ್ತರದ ಗೋಡೆಗಳ ನಡುವೆ ಒಂದು ಅಗಲವಾದ ಸಪಾಟು ತಗ್ಗು ಸಿಗುತ್ತದೆ. ಹಳಬರು ಡಿಯರ್ ಪೆನ್ ಅನ್ನುತ್ತಾರೆ. ಇಷ್ಟು ಸಣ್ಣ ತೊರೆಗೆ ಇಷ್ಟು ದೊಡ್ಡ ಬಯಲು ಹೇಗೆ ಬಂತು? ಅದು ತೊರೆಯದ್ದಲ್ಲ. ಮಿಸಿಸಿಪ್ಪಿ ಇಲ್ಲಿ ಒಂದು ದ್ವೀಪದ ಸುತ್ತ ಎರಡು ಕವಲಾಗಿ ಹರಿಯುತ್ತಿತ್ತು, ಎರಡರಲ್ಲೂ ಜಲಪಾತ ಹಿಂದೆ ಸರಿಯುತ್ತಿತ್ತು. ಪೂರ್ವದ ಕವಲಿನದು ಬೇಗ ಬೇಗ ಸರಿದು ದ್ವೀಪದ ತಲೆಯನ್ನು ದಾಟಿದ ಕೂಡಲೇ ನೀರೆಲ್ಲ ಅತ್ತ ತಿರುಗಿತು. ಪಶ್ಚಿಮದ ಕವಲು ಒಣಗಿತು. ನೀವು ನಿಂತಿರುವುದು ಆ ಒಣಗಿದ ಕವಲಿನಲ್ಲಿ.

ಜನವರಿಯಲ್ಲಿ ಜಲಪಾತ ಪೂರ್ತಿ ಹೆಪ್ಪುಗಟ್ಟುತ್ತದೆ. ಬೇಲಿ ಹಾರಿ ಅದರ ಹಿಂದೆ ಹೋಗಿ ಫೋಟೊ ಹಾಕುವವರನ್ನು ನೋಡಿ ಆಸೆಪಡಬೇಡಿ. ಮೆಟ್ಟಿಲಿಗೆ ಬೀಗ ಹಾಕಿರುವುದು ಸುಮ್ಮನೆ ಅಲ್ಲ.

ಹೆಜ್ಜೆ 4: ಕಮರಿಯ ಮೇಲೆ ನಡೆಯುತ್ತಾ ಒಂದು ಲೆಕ್ಕ

ಫೋರ್ಟ್ ಸ್ನೆಲ್ಲಿಂಗ್‌ನಿಂದ ಸೇಂಟ್ ಆಂಥನಿಯವರೆಗೆ ಕಮರಿ ಸುಮಾರು ಎಂಟು ಮೈಲಿ. ಮಿಸಿಸಿಪ್ಪಿಯ ಇಡೀ ಉದ್ದದಲ್ಲಿ ಕಮರಿ ಅನ್ನಬಹುದಾದ ಜಾಗ ಇದೊಂದೇ. ಪೂರ್ತಿ ನಡೆಯಬೇಕಿಲ್ಲ. ಪಶ್ಚಿಮ ದಡದಲ್ಲಿ ವಿಂಚೆಲ್ ಟ್ರೈಲ್ ಅಂತ ಒಂದು ಕಾಲುದಾರಿ ಇದೆ, ಅದರಲ್ಲಿ ಒಂದು ಮೈಲಿ ನಡೆದರೂ ಸಾಕು. ಸೈಕಲ್ ಸಿಕ್ಕರೆ ಮೇಲಿನ ರಸ್ತೆ ಪಕ್ಕದ ದಾರಿಯಲ್ಲಿ ಪೂರ್ತಿ ಮುಗಿಸಬಹುದು.

ವಿಂಚೆಲ್ ಯಾರು ಅಂದರೆ ನ್ಯೂಟನ್ ಹೊರೇಸ್ ವಿಂಚೆಲ್, ಮಿನ್ನೆಸೋಟಾದ ಭೂವಿಜ್ಞಾನಿ. ಅವರು 1870ರ ದಶಕದಲ್ಲಿ ಒಂದು ಚೆಂದದ ಲೆಕ್ಕ ಹಾಕಿದರು. 1680ರಲ್ಲಿ ಪಾದ್ರಿ ಲೂಯಿ ಎನೆಪಿನ್ ಜಲಪಾತವನ್ನು ನೋಡಿ ಬರೆದಿದ್ದರು, ಸೇಂಟ್ ಆಂಥನಿ ಅಂತ ಹೆಸರಿಟ್ಟದ್ದೂ ಅವರೇ. 1766ರಲ್ಲಿ ಜೊನಾಥನ್ ಕಾರ್ವರ್ ಬಂದು ನೋಡಿದ್ದರು. ಆ ಬರಹಗಳಲ್ಲಿ ಜಲಪಾತ ಎಲ್ಲಿತ್ತು, ಈಗ ಎಲ್ಲಿದೆ, ನಡುವೆ ಎಷ್ಟು ವರ್ಷ, ಅಂದರೆ ವರ್ಷಕ್ಕೆ ಎಷ್ಟು ಅಡಿ? ಆ ವೇಗದಲ್ಲಿ ಇಡೀ ಕಮರಿ ಕೊರೆಯಲು ಎಷ್ಟು ಕಾಲ ಬೇಕು? ವಿಂಚೆಲ್‌ಗೆ ಬಂದ ಉತ್ತರ ಸುಮಾರು 8,000 ವರ್ಷ. ಹಿಮಯುಗ ಮುಗಿದು ಎಷ್ಟು ಕಾಲವಾಯಿತು ಅಂತ ಯಾರಿಗೂ ನಿಖರವಾಗಿ ಗೊತ್ತಿಲ್ಲದ, ಹಳೆ ವಸ್ತುಗಳ ವಯಸ್ಸು ಹೇಳುವ ರೇಡಿಯೊಕಾರ್ಬನ್ ಅನ್ನುವ ಮಾತೇ ಇಲ್ಲದ ಕಾಲದಲ್ಲಿ, ಬರೀ ಹಳೆ ಪ್ರವಾಸಿಗಳ ಬರಹ ಮತ್ತು ಅಳತೆ ಟೇಪಿನಿಂದ ಬಂದ ಉತ್ತರ.

ನೀವೂ ಹಾಕಿ ನೋಡಿ. ಎಂಟು ಮೈಲಿ ಅಂದರೆ 42,240 ಅಡಿ. ವರ್ಷಕ್ಕೆ ಸರಾಸರಿ ನಾಲ್ಕು ಅಡಿ ಅಂದುಕೊಂಡರೆ 10,560 ವರ್ಷ. ಈಗಿನವರು ಹೇಳುವ 10,000ದಿಂದ 12,000 ವರ್ಷದ ನಡುವೆಯೇ ಬಂದು ಕೂರುತ್ತದೆ. ಮಕ್ಕಳ ಕೈಲಿ ಈ ಲೆಕ್ಕ ಮಾಡಿಸಿ, ಭಾಗಾಕಾರ ಯಾಕೆ ಕಲಿಯಬೇಕು ಅನ್ನುವ ಪ್ರಶ್ನೆ ಒಂದು ವಾರ ಬರುವುದಿಲ್ಲ.

ಹೆಜ್ಜೆ 5: ಸೇಂಟ್ ಆಂಥನಿ, ಕಾಂಕ್ರೀಟ್ ಹಾಕಿ ಉಳಿಸಿಕೊಂಡ ಜಲಪಾತ

ಬ್ಲೂ ಲೈನ್‌ನಲ್ಲಿ ಯು.ಎಸ್. ಬ್ಯಾಂಕ್ ಸ್ಟೇಡಿಯಂ ಹತ್ತಿರ ಇಳಿದು ನದಿಯ ಕಡೆ ನಡೆಯಿರಿ. 1883ರಲ್ಲಿ ರೈಲಿಗಾಗಿ ಕಟ್ಟಿದ ಸ್ಟೋನ್ ಆರ್ಚ್ ಸೇತುವೆ ಮೇಲೆ ಈಗ ಜನ ನಡೆಯುತ್ತಾರೆ. ಅಲ್ಲಿ ನಿಂತರೆ ಜಲಪಾತ ಎದುರಿಗೇ. ಡಕೋಟಾ ಭಾಷೆಯಲ್ಲಿ ಓವಾಮ್ನಿಯೊಮ್ನಿ.

ಮೊದಲ ನೋಟಕ್ಕೆ ನಿರಾಸೆ ಖಂಡಿತ. ಕಾಂಕ್ರೀಟಿನ ಇಳಿಜಾರಿನ ಮೇಲೆ ನೀರು ಜಾರುತ್ತಿರುತ್ತದೆ, ಪಕ್ಕದಲ್ಲಿ ಹಿಂದೆ ದೋಣಿಗಳನ್ನು ಏರಿಸಿ ಇಳಿಸುತ್ತಿದ್ದ, ಈಗ ಮುಚ್ಚಿದ ಲಾಕ್ ಗೇಟು. ಯಾವುದೋ ಅಣೆಕಟ್ಟು ಅನಿಸುತ್ತದೆ. ಆದರೆ ಹಾಗಾದದ್ದಕ್ಕೆ ಕಾರಣವಿದೆ, ಆ ಕಾರಣ ಮತ್ತೆ ಚಪ್ಪಡಿಯೇ.

ಈ ನೀರಿನ ಬಲದಿಂದಲೇ ಮಿನಿಯಾಪೊಲಿಸ್ ಹುಟ್ಟಿದ್ದು. ಮೊದಲು ಮರ ಕೊಯ್ಯುವ ಮಿಲ್ಲು, ಆಮೇಲೆ ಹಿಟ್ಟಿನ ಗಿರಣಿ. 1880ರಿಂದ 1930ರವರೆಗೆ ಹಿಟ್ಟಿನ ಲೆಕ್ಕದಲ್ಲಿ ಈ ಊರೇ ಜಗತ್ತಿಗೆ ಮೊದಲು. ಎಲ್ಲರಿಗೂ ಇನ್ನಷ್ಟು ನೀರು ಬೇಕು. ವಿಲಿಯಂ ಈಸ್ಟ್‌ಮನ್ ಅನ್ನುವವರೂ ಅವರ ಪಾಲುದಾರರೂ ಜಲಪಾತದ ಕೆಳಗಿನಿಂದ ಮೇಲಿನ ನಿಕೊಲೆಟ್ ದ್ವೀಪದವರೆಗೆ ಸುರಂಗ ತೋಡಲು ಹೊರಟರು. ತೋಡಿದ್ದು ಎಲ್ಲಿ? ಚಪ್ಪಡಿಯ ಕೆಳಗಿನ ಮರಳುಗಲ್ಲಿನಲ್ಲಿ, ಬೆಳಿಗ್ಗೆ ನಿಮ್ಮ ಹೆಬ್ಬೆರಳಿಗೇ ಉದುರಿತಲ್ಲ, ಅದೇ. 1869ರ ಅಕ್ಟೋಬರ್ 5ರಂದು ನದಿ ಸುರಂಗದೊಳಗೆ ನುಗ್ಗಿತು. ಮರಳು ತೊಳೆದು ಹೋಗಿ ಮೇಲಿನ ಚಪ್ಪಡಿ ಕುಸಿಯತೊಡಗಿತು. ಊರಿಗೆ ಊರೇ ಓಡಿ ಬಂದು ಮರದ ದಿಮ್ಮಿ, ಹುಲ್ಲು, ಕಲ್ಲು, ಸಿಕ್ಕಿದ್ದನ್ನೆಲ್ಲ ಗುಂಡಿಗೆ ತುಂಬಿದರು. ತುಂಬಿದ್ದೆಲ್ಲ ಕೊಚ್ಚಿಹೋಯಿತು.

ಗಾಬರಿಗೆ ಇನ್ನೊಂದು ಕಾರಣವೂ ಇತ್ತು. ಜಲಪಾತದಿಂದ ಮೇಲಕ್ಕೆ ಗಟ್ಟಿ ಚಪ್ಪಡಿ ಉಳಿದಿದ್ದದ್ದು ಸಾವಿರ ಅಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದಾದ ಮೇಲೆ ಬರೀ ಮರಳುಗಲ್ಲು. ಅಲ್ಲಿಯವರೆಗೆ ಸರಿದುಬಿಟ್ಟಿದ್ದರೆ ಮಿನ್ನೆಸೋಟಾ ಕಣಿವೆಯ ಜಲಪಾತಕ್ಕೆ ಆದ ಗತಿಯೇ ಇದಕ್ಕೂ ಆಗುತ್ತಿತ್ತು. ಜಲಪಾತ ಹೋದರೆ ಗಿರಣಿ ಹೋಯಿತು, ಗಿರಣಿ ಹೋದರೆ ಊರು ಹೋಯಿತು. ಕೊನೆಗೆ ಸೈನ್ಯದ ಇಂಜಿನಿಯರುಗಳು ಬಂದು ಚಪ್ಪಡಿಯ ಕೆಳಗೆ ನದಿಗೆ ಅಡ್ಡಲಾಗಿ 1,850 ಅಡಿ ಉದ್ದ, 40 ಅಡಿ ಆಳದ ಕಾಂಕ್ರೀಟ್ ಗೋಡೆ ಕಟ್ಟಿದರು. 1876ರಲ್ಲಿ ಅದು ಮುಗಿಯಿತು. ಮೇಲೆ ಮೊದಲು ಮರದ, ಆಮೇಲೆ ಕಾಂಕ್ರೀಟಿನ ಹೊದಿಕೆ. ಸುಮಾರು 12,000 ವರ್ಷಗಳಿಂದ ಹಿಂದೆ ಸರಿಯುತ್ತಾ ಬಂದಿದ್ದ ಜಲಪಾತ ಅಲ್ಲಿಗೆ ನಿಂತಿತು. ಚೆಂದ ಹೋಯಿತು, ಜಲಪಾತ ಉಳಿಯಿತು. ನನಗೇನೋ ಇದು ನ್ಯಾಯವಾದ ವ್ಯಾಪಾರ ಅನಿಸುತ್ತದೆ, ನಿಮಗೆ ಬೇರೆ ಅನಿಸಬಹುದು.

ಅಲ್ಲೇ ಪಕ್ಕದ ಮಿಲ್ ರೂಯಿನ್ಸ್ ಪಾರ್ಕಿನಲ್ಲಿ ಹಳೆ ಗಿರಣಿಗಳ ಸುಣ್ಣದ ಕಲ್ಲಿನ ಗೋಡೆ, ನೀರಿನ ಕಾಲುವೆ ಎಲ್ಲಾ ನೋಡಬಹುದು. ಮಿಲ್ ಸಿಟಿ ಮ್ಯೂಸಿಯಂ ಇರುವುದು 1878ರಲ್ಲಿ ಹಿಟ್ಟಿನ ಧೂಳು ಸಿಡಿದು 18 ಜನ ಸತ್ತ ಜಾಗದಲ್ಲಿ ಮತ್ತೆ ಕಟ್ಟಿದ ಗಿರಣಿಯೊಳಗೆ.

ಇನ್ನೂ ಕಾಲಲ್ಲಿ ಬಲ ಇದ್ದರೆ

ಸಂಜೆ ಕೆರೆ ಕಡೆ ಹೋಗಿ. ಬ್ಡೆ ಮಕಾ ಸ್ಕಾ, ಹ್ಯಾರಿಯೆಟ್, ಸೀಡರ್, ಲೇಕ್ ಆಫ್ ದಿ ಐಲ್ಸ್ ಎಲ್ಲಾ ಒಂದೇ ಸಾಲಿನಲ್ಲಿ ಇರುವುದನ್ನು ಮ್ಯಾಪಿನಲ್ಲಿ ನೋಡಿ. ಆ ಸಾಲೇ ಇನ್ನೊಂದು ಹೂತುಹೋದ ಕಣಿವೆ. ಹಿಮನದಿ ಹೋಗುವಾಗ ದೊಡ್ಡ ದೊಡ್ಡ ಮಂಜಿನ ಗಡ್ಡೆಗಳು ಕಣಿವೆಯ ಮಣ್ಣಿನಲ್ಲಿ ಸಿಕ್ಕಿಕೊಂಡವು. ಅವು ನಿಧಾನಕ್ಕೆ ಕರಗಿದವು, ಮೇಲಿನ ಮಣ್ಣು ಕುಸಿಯಿತು, ಗುಂಡಿಯಲ್ಲಿ ನೀರು ನಿಂತಿತು. ಬ್ಡೆ ಮಕಾ ಸ್ಕಾದ ಆಳ 80 ಅಡಿಗೂ ಹೆಚ್ಚು. ದಡದಲ್ಲಿ ಕಲ್ಲು ಆರಿಸಿ ನೋಡಿ, ಕಪ್ಪಾದರೆ ಬಸಾಲ್ಟ್, ಈಶಾನ್ಯದ್ದು. ತಿಳಿ ಬೂದು ಸುಣ್ಣದ ಕಲ್ಲಾದರೆ ಬಹುಶಃ ವಾಯವ್ಯದ್ದು. ಕೆಂಪು ಪಟ್ಟೆಯ ಅಗೇಟ್ ಸಿಕ್ಕರೆ ಅದೃಷ್ಟ, ಅದು ಈ ರಾಜ್ಯದ ಅಧಿಕೃತ ರತ್ನ. ನೋಡಿ ಅಲ್ಲೇ ಬಿಡಿ. ಸ್ಟೇಟ್ ಪಾರ್ಕುಗಳಲ್ಲಂತೂ ಕಲ್ಲು ಒಯ್ಯುವುದು ನಿಯಮಕ್ಕೆ ವಿರುದ್ಧ.

ಬೆಂಗಳೂರಿನವರಿಗೆ ಇನ್ನೊಂದು. ಡೌನ್‌ಟೌನಿನಲ್ಲಿ ಹಳೆ ನಾರ್ತ್‌ವೆಸ್ಟರ್ನ್ ಬೆಲ್ ಟೆಲಿಫೋನ್ ಕಟ್ಟಡ ಇದೆ, 1932ರದ್ದು. ಅದರ ಬುಡಕ್ಕೆ ಹಾಕಿರುವ ಗುಲಾಬಿ–ಕಪ್ಪು ಸುಳಿಸುಳಿ ಕಲ್ಲು ಮಾರ್ಟನ್ ನೈಸ್ (ನೆಲದಾಳದ ಕಾವು, ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟ ಪಟ್ಟೆಪಟ್ಟೆ ಬಂಡೆ), ಸುಮಾರು 350 ಕೋಟಿ ವರ್ಷ ಹಳೆಯದು. ಲಾಲ್‌ಬಾಗಿನ ಬಂಡೆಯೂ ನೈಸ್ ಜಾತಿಯದ್ದೇ, ಸುಮಾರು 300 ಕೋಟಿ ವರ್ಷದ್ದು. ಮಾರ್ಟನ್ ಕಲ್ಲು ನಮ್ಮ ಕಣ್ಣಿಗೆ ಬಿದ್ದದ್ದೂ ವಾರನ್ ನದಿಯಿಂದಲೇ. ಮೇಲೆ ಹಿಮನದಿ ಸುರಿದಿದ್ದ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ ಕಣಿವೆಯ ತಳದಲ್ಲಿ ಅದನ್ನು ಬಯಲಿಗೆ ತಂದಿತು.

ಕಾರಿದ್ದು ಒಂದು ವಾರಾಂತ್ಯ ಬಿಡುವಾದರೆ ಪಶ್ಚಿಮಕ್ಕೆ, ರಾಜ್ಯದ ಗಡಿಯಲ್ಲಿರುವ ಬ್ರೌನ್ಸ್ ವ್ಯಾಲಿಗೆ ಹೋಗಿ ಬನ್ನಿ. ಮೂರು ಗಂಟೆಗೂ ಮೀರಿದ ದಾರಿ. ಅಗಾಸಿ ಸರೋವರ ಉಕ್ಕಿ ಹೊರಬಿದ್ದ ಬಾಗಿಲು ಅದು. ಊರಿನ ಉತ್ತರಕ್ಕಿರುವ ಟ್ರಾವರ್ಸ್ ಕೆರೆಯ ನೀರು ಹಡ್ಸನ್ ಕೊಲ್ಲಿಗೆ ಹೋಗುತ್ತದೆ, ದಕ್ಷಿಣದ ಬಿಗ್ ಸ್ಟೋನ್ ಕೆರೆಯ ನೀರು ಮೆಕ್ಸಿಕೊ ಕೊಲ್ಲಿಗೆ. ನಡುವಿನ ನೆಲ ಎಷ್ಟು ಸಪಾಟು ಅಂದರೆ ನೀರು ಇಬ್ಭಾಗವಾಗುವ ಗೆರೆ ಎಲ್ಲಿದೆ ಅಂತ ಕಣ್ಣಿಗೆ ಗೊತ್ತಾಗುವುದೇ ಇಲ್ಲ. 212ನೇ ಹೆದ್ದಾರಿಯಲ್ಲಿ ಹೋಗಿ, ಗ್ರಾನೈಟ್ ಫಾಲ್ಸ್‌ನಲ್ಲಿ ಊಟಕ್ಕೆ ನಿಲ್ಲಿಸಿದರೆ ನದಿಯ ಪಕ್ಕದಲ್ಲೇ ಅಂಥ ಹಳೆ ನೈಸ್ ಬಂಡೆಗಳು ಸಿಗುತ್ತವೆ, ಅವುಗಳ ಮೇಲೇ ಕೂತು ಡಬ್ಬಿ ಬಿಚ್ಚಬಹುದು.